ಏಳುವ ಮುಂಚಿನ ನಾಡಿ

ಎಪ್ಪತ್ತೊಂದು ಬಂತು. ಅದು ಹೇಗೆ ಎಪ್ಪತ್ತೊಂದು ಬಂದೀತು ಎಂದು ಮೇಷ್ಟ್ರು ಮಣಿಕಟ್ಟಿನ ಮೇಲಿಟ್ಟ ಎರಡು ಬೆರಳನ್ನು ತೆಗೆಯದೆ, ಹಾಸಿಗೆಯಲ್ಲಿ ಮಿಸುಕಾಡದೆ, ಉಸಿರನ್ನು ಉದ್ದಕ್ಕೆ ಎಳೆದು ಬಿಟ್ಟು, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವುದನ್ನೇ ಕಾದು ಇನ್ನೊಂದು ಸಲ ಎಣಿಸಿದರು. ಎಪ್ಪತ್ತಮೂರು. ಹಾಳಾದ್ದು, ಎಣಿಸಿದಷ್ಟೂ ಏರುತ್ತಿದೆಯಲ್ಲ! ಓಡುತ್ತಿದ್ದ ಕಾಲದಲ್ಲಿ ಇದೇ ಮಣಿಕಟ್ಟು ನಲವತ್ತನಾಲ್ಕು ಹೊಡೆಯುತ್ತಿತ್ತು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಮಾತು ಆಡಿ ಮುಗಿಸಬಹುದು ಅನ್ನುವಷ್ಟು ಬಿಡುವು. ಆ ಬಿಡುವು ಎಲ್ಲಿಗೆ ಹೋಯಿತೋ. ವಯಸ್ಸು ಐವತ್ತೆಂಟಾಯಿತು, ಓಡುವುದು ಬಿಟ್ಟು ಇಪ್ಪತ್ತೈದು ವರ್ಷವಾಯಿತು, ಆದರೂ ಕಣ್ಣು ಬಿಟ್ಟ ತಕ್ಷಣ, ಕಾಲು ನೆಲಕ್ಕೆ ತಾಗುವ ಮೊದಲು ನಾಡಿ ಎಣಿಸಿ ದಿಂಬಿನ ಪಕ್ಕದ ಪುಸ್ತಕದಲ್ಲಿ ಬರೆಯುವ ಚಟ ಮಾತ್ರ ಬಿಟ್ಟಿಲ್ಲ. ತಾವು ಓಟಕ್ಕೆ ತಯಾರು ಮಾಡುವ ಹುಡುಗ ಹುಡುಗಿಯರಿಗೂ ಅದನ್ನೇ ಕಲಿಸಿದ್ದಾರೆ: ಎದ್ದ ಮೇಲಲ್ಲ, ಏಳುವ ಮುಂಚೆ. ಎದ್ದು ಕೂತ ನಾಡಿಗೆ ಲೋಕದ ಚಿಂತೆಯೆಲ್ಲ ಅಂಟಿಕೊಳ್ಳುತ್ತದೆ, ಅದನ್ನು ನಂಬಬೇಡಿ ಎನ್ನುತ್ತಾರೆ. ರಾತ್ರಿಯ ನಿದ್ದೆ ನಿನ್ನೆಯ ದಣಿವನ್ನು ತೀರಿಸಿದೆಯೋ ಇಲ್ಲವೋ ಅನ್ನುವುದು ಆ ಒಂದು ನಿಮಿಷದಲ್ಲಿ ಗೊತ್ತಾಗಬೇಕು. ಐದಾರು ಬಡಿತ ಹೆಚ್ಚಾದರೆ ಅವತ್ತು ಓಟ ಕಡಿಮೆ, ಹತ್ತು ಹೆಚ್ಚಾದರೆ ಓಟವೇ ಇಲ್ಲ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದ ಮೇಷ್ಟ್ರು ಪುಸ್ತಕದಲ್ಲಿ ಅರವತ್ತೊಂಬತ್ತು ಎಂದು ಬರೆದರು.

“ಇನ್ನೂ ಎಣಿಸಿ ಮುಗೀಲಿಲ್ವಾ? ನಾಡಿ ಸಿಗ್ತಾ ಇಲ್ವೋ ಏನೋ. ಬೇಕಾದ್ರೆ ನಾನು ಹಿಡಿದು ನೋಡ್ತೀನಿ, ಮೂವತ್ತು ವರ್ಷದ ಸರ್ವೀಸು,” ಎಂದಳು ಹೆಂಡತಿ, ಕನ್ನಡಿಯ ಮುಂದೆ ನಿಂತು ತಲೆಗೆ ಪಿನ್ನು ಚುಚ್ಚಿಕೊಳ್ಳುತ್ತ. ಆಸ್ಪತ್ರೆಯಲ್ಲಿ ನರ್ಸು ಅವಳು. ಬೆಳಗಿನ ಡ್ಯೂಟಿಯಿದ್ದ ವಾರ ಮನೆಯ ಗಾಳಿಯೂ ಅವಳ ಜೊತೆ ಓಡಾಡುತ್ತದೆ. ಟೀ ಫ್ಲಾಸ್ಕಿನಲ್ಲಿದೆ, ಬ್ರೆಡ್ಡು ಡಬ್ಬಿಯಲ್ಲಿದೆ, ಮಾತ್ರೆ ಮರೆತರೆ ನನ್ನ ಕೇಳಬೇಡಿ ಎಂದು ಒಂದೇ ಉಸಿರಿಗೆ ಹೇಳಿ, ಚೀಲವನ್ನು ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು, “ಇವತ್ತೇ ಅಲ್ವಾ ಆ ಎಂಟುನೂರು ಮೀಟರ್ ಹುಡುಗಿ ಕಾಗದಕ್ಕೆ ಸೈನು?” ಎಂದು ಕೇಳಿದಳು. ಹೂಂ ಎಂದರು. ಅವಳು ಹೇಳಬೇಕಾದ್ದನ್ನು ಮೂರು ವಾರದ ಹಿಂದೆಯೇ ಇದೇ ಮನೆಯ ಊಟದ ಮೇಜಿನ ಬಳಿ ಹೇಳಿ ಆಗಿತ್ತು. ಅವತ್ತು ಮೇಷ್ಟ್ರು ಓಟಗಾರರ ನಾಡಿಯ ಪುಸ್ತಕಗಳನ್ನು ಹರಡಿಕೊಂಡು ಕೂತಿದ್ದರು; ಅವಳು ಬಟ್ಟಲು ಇಡಲು ಜಾಗ ಮಾಡುತ್ತ ಆ ಹುಡುಗಿಯ ಪುಸ್ತಕವನ್ನು ಎತ್ತಿ, ಕನ್ನಡಕ ಹಣೆಗೇರಿಸಿ ಒಂದು ಕ್ಷಣ ನೋಡಿ, “ಇದು ಒಂದೇ ಸಲ ಕೂತು ಬರೆದಿದ್ದು ರೀ,” ಎಂದುಬಿಟ್ಟಳು. “ಅದು ಹೇಗೆ ಹೇಳ್ತೀಯಾ?” “ನಾವೂ ಹೀಗೇ ಬರೀತೀವಲ್ಲ! ಡ್ಯೂಟಿ ಮುಗಿಯೋ ಹೊತ್ತಿಗೆ ಜ್ವರದ ಚಾರ್ಟು ಖಾಲಿ ಇರುತ್ತೆ. ಎರಡು ಗಂಟೆದು, ನಾಲ್ಕು ಗಂಟೆದು, ಆರು ಗಂಟೆದು ಎಲ್ಲಾ ಒಟ್ಟಿಗೆ ತುಂಬ್ತೀವಿ. ದಿನಾ ಬರೆದಿದ್ರೆ ಒಂದಿನ ಪೆನ್ನು ಒತ್ತಿರುತ್ತೆ, ಒಂದಿನ ನಿದ್ದೆಗಣ್ಣಲ್ಲಿ ಗೆರೆ ದಾಟಿರುತ್ತೆ. ಇದು ನೋಡಿ, ಲೈನಿಗೆ ನಿಂತ ಸ್ಕೂಲು ಮಕ್ಕಳ ಹಾಗೆ ಹೇಗೆ ನಿಂತಿದೆ.” ನಲವತ್ತಾರು, ನಲವತ್ತಾರು, ನಲವತ್ತೇಳು, ನಲವತ್ತಾರು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. “ನಿನ್ನ ವಾರ್ಡಲ್ಲ ಇದು. ನನ್ನ ಮಕ್ಕಳು ಹಾಗೆಲ್ಲ ಮಾಡೋದಿಲ್ಲ,” ಎಂದು ಪುಸ್ತಕ ಕಿತ್ತುಕೊಂಡರು. ಅವಳು, “ಸರಿ ಬಿಡಿ, ನನಗೇನು,” ಎಂದು ಬಟ್ಟಲು ಇಟ್ಟು ಹೋದಳು. ಕೋಪ ಬಂದದ್ದು ಅವಳು ಸುಳ್ಳು ಹೇಳಿದಳೆಂದಲ್ಲ. ಅದಕ್ಕೂ ಒಂದು ವಾರ ಮೊದಲೇ ಆ ಸಾಲುಗಳ ಮೇಲೆ ತಮ್ಮ ಕಣ್ಣೂ ನಿಂತಿತ್ತು, ನಿಂತು ಮುಂದಕ್ಕೆ ಹೋಗಿತ್ತು. ಅದು ಅವಳಿಗೆ ಹೇಗೆ ಗೊತ್ತಾಯಿತು ಎಂದು ಕೋಪ.

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಮೈದಾನದ ಕಡೆಗೆ ಹೋಗುವ ಬಸ್ಸು ಆ ಹೊತ್ತಿನಲ್ಲಿ ಖಾಲಿಯೇ. ಕಿಟಕಿಯಲ್ಲಿ ಇನ್ನೂ ಷಟರ್ ಎತ್ತದ ಅಂಗಡಿಗಳು, ಕಸದ ಗಾಡಿ, ನಾಯಿಯ ಹಿಂದೆ ಎಳೆಸಿಕೊಂಡು ಓಡುವ ಒಬ್ಬ ದಪ್ಪ ಮನುಷ್ಯ. ಹಾಗೆ ಓಡಿದರೆ ಅವನ ಮಂಡಿ ಹೋಗುತ್ತದೆ ಎಂದು ಮೇಷ್ಟ್ರಿಗೆ ಅನ್ನಿಸಿತು. ಬೇರೆಯವರ ಮಂಡಿಯ ಬಗ್ಗೆ ತಮಗೆ ಎಷ್ಟು ಬೇಗ ಗೊತ್ತಾಗುತ್ತದೆ! ಮೈದಾನದಲ್ಲಿ ಯಾರಿಗೂ ಹೆಸರಿಲ್ಲ, ಓಡುವ ದೂರವೇ ಹೆಸರು. ಹತ್ತುಸಾವಿರಕ್ಕೆ ಹೊಟ್ಟೆನೋವಂತೆ, ನಾನೂರು ಊರಿಗೆ ಹೋಗಿದ್ದಾನಂತೆ, ಎಂಟುನೂರು ಬಂದಳಾ? ಮೇಷ್ಟ್ರಿಗೂ ಹಾಗೇ. ಓಟದ ಚಂದ, ತಂತ್ರ, ಯಾವ ಸ್ಪರ್ಧೆಗೆ ಯಾರು ಎಂಬುದೆಲ್ಲ ದೊಡ್ಡ ಕೋಚಿನ ಕೆಲಸ. ಮೈಯೊಳಗೆ ಬೆಂಕಿ ಕೂಡಿಸುವುದು ಮಾತ್ರ ಇವರದು, ಹಾಗಾಗಿ ದಮ್ಮಿನ ಮೇಷ್ಟ್ರು. ಸಿಗರೇಟು ಸೇದುವ ವಾಚ್‌ಮನ್ ಗೇಟಿನಲ್ಲಿ ಕಂಡಾಗಲೆಲ್ಲ, “ಮೇಷ್ಟ್ರೇ, ನಾನೂ ನಿಮ್ಮ ಇಲಾಖೆನೇ,” ಎಂದು ಹೊಗೆ ಬಿಡುತ್ತಾನೆ. ಎಷ್ಟು ವರ್ಷದಿಂದ ಅದೇ ಹಾಸ್ಯ; ಇವತ್ತೂ ಅಂದ. ಇವತ್ತೂ ನಕ್ಕರು. ಸೋಮವಾರ ತಾವು ಆಡಿದ ಮಾತಿಗೆ ಎಲ್ಲರೂ ನಕ್ಕದ್ದು ಅದೇ ಗೇಟಿನಿಂದ ಒಳಗೆ ಕಾಲಿಡುವಾಗ ನೆನಪಾಗಿ, ಬಾಯಲ್ಲಿ ಉಳಿದಿದ್ದ ನಗು ಕಹಿಯಾಯಿತು.

ಅವತ್ತು ಎಂಟುನೂರು ಕೊನೆಯ ನೂರು ಮೀಟರಿನಲ್ಲಿ ಕಾಲೆಳೆದುಕೊಂಡು ಬಂದಿದ್ದಳು. ಎರಡು ನಿಮಿಷ ಐದು ಸೆಕೆಂಡಿಗೆ ಓಡುತ್ತಿದ್ದವಳು ಎರಡು ಒಂಬತ್ತಕ್ಕೆ ಬಂದಳು, ಅದೂ ನಾಲ್ಕನೆಯ ಸಲ. ಗೆರೆ ದಾಟಿ ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ ನಿಂತವಳನ್ನು ನೋಡಿ, ದೊಡ್ಡ ಕೋಚು ಪಕ್ಕದಲ್ಲಿದ್ದಾನೆಂದೋ, ಇಪ್ಪತ್ತು ಜನರ ಕಿವಿ ತಮ್ಮ ಕಡೆಗಿದೆಯೆಂದೋ, ಮೇಷ್ಟ್ರು ಗಟ್ಟಿಯಾಗಿ, “ನಾಡಿ ನಲವತ್ತಾರು ಇಟ್ಕೊಂಡು ಹೀಗೆ ಓಡ್ತೀಯಲ್ಲ, ಇನ್ನೇನಮ್ಮ, ಕಾಲಿಗೆ ಹೊಟ್ಟೆನೋವಾ? ದಮ್ಮಿದೆ ನಿನಗೆ, ಮನಸ್ಸಿಲ್ಲ. ಸೋಮಾರಿತನಕ್ಕೆ ನನ್ನ ಹತ್ರ ಔಷಧಿ ಇಲ್ಲ,” ಎಂದಿದ್ದರು. ಕಾಲಿಗೆ ಹೊಟ್ಟೆನೋವು ಎಂಬುದು ಮೈದಾನದ ತುಂಬ ಒಂದು ವಾರ ಓಡಾಡುವಂಥ ಮಾತೇ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಬಗ್ಗಿಕೊಂಡೇ. ಆ ನಗೆಯಲ್ಲಿ ಅವಳ ಬೆನ್ನು ಅಲ್ಲಾಡಿದ್ದು ಮಾತ್ರ ಮೇಷ್ಟ್ರಿಗೆ ಕಾಣಿಸಿತು, ಮುಖ ಕಾಣಿಸಲಿಲ್ಲ.

ಅವರ ಕೋಣೆ ಗ್ಯಾಲರಿಯ ಕೆಳಗಿನದು; ಮಾಡು ಮೆಟ್ಟಿಲ ಆಕಾರದಲ್ಲಿ ಇಳಿದಿರುವುದರಿಂದ ಒಂದು ಮೂಲೆಯಲ್ಲಿ ತಲೆ ತಗ್ಗಿಸಿಯೇ ನಡೆಯಬೇಕು. ಬೆಲ್ಟು ಹರಿದು ಟೇಪು ಸುತ್ತಿಸಿಕೊಂಡ ಟ್ರೆಡ್‌ಮಿಲ್ಲು, ಸೀಟಿನ ಸ್ಪಂಜು ಎದ್ದುಬಂದ ಎರಡು ಸೈಕಲ್ಲು, ಬೆವರಿನ ವಾಸನೆ ಹಿಡಿದ ಚಾಪೆಗಳು. ಹೊಸದಾಗಿ ಬಂದವರನ್ನು ಇಲ್ಲಿಯೇ ಕೂರಿಸಿಕೊಂಡು ಮೇಷ್ಟ್ರು ಮೂರು ಒಲೆಯ ಪಾಠ ಮಾಡುವುದು. ನಿಮ್ಮ ಮೈಯೊಳಗೆ ಮೂರು ಒಲೆ ಇದೆ. ಮೊದಲನೆಯದು ಬೆಂಕಿಕಡ್ಡಿ ಗೀರಿದ ಹಾಗೆ, ಭಗ್ ಅಂತ ಹತ್ತಿ ಹತ್ತು ಸೆಕೆಂಡಿಗೆ ಆರುತ್ತದೆ. ನೂರು ಮೀಟರಿನವರು ಅದನ್ನು ನೋಡಿಕೊಳ್ಳಿ. ಎರಡನೆಯದು ಒಂದೆರಡು ನಿಮಿಷ ಧಗಧಗ ಉರಿಯುತ್ತದೆ, ಆದರೆ ಹೊಗೆ ಜಾಸ್ತಿ. ಆ ಹೊಗೆ ತುಂಬಿಕೊಂಡಾಗಲೇ ತೊಡೆ ಕಲ್ಲಾಗುವುದು, ಕಣ್ಣು ಕತ್ತಲಿಡುವುದು. ಮೂರನೆಯದು ಕೆಂಡ. ಹೊತ್ತಲು ತಿಂಗಳುಗಟ್ಟಲೆ ಬೇಕು, ಹೊತ್ತಿಕೊಂಡರೆ ದಿನವಿಡೀ ಇರುತ್ತದೆ, ಎರಡನೆಯ ಒಲೆಯ ಹೊಗೆಯನ್ನೂ ಅದೇ ನುಂಗುತ್ತದೆ. ಎಂಟುನೂರು ಓಡುವವರಿಗೆ ಎರಡನೆಯದೂ ಬೇಕು, ಮೂರನೆಯದೂ ಬೇಕು. ಆಮೇಲೆ ಮೇಷ್ಟ್ರು ಬೆರಳೆತ್ತಿ ಹೇಳುವುದು: ಒಲೆ ದೊಡ್ಡದಾಗುವುದು ಉರಿಯುವಾಗಲ್ಲ ಕಣ್ರಪ್ಪಾ, ನೀವು ಮಲಗಿರುವಾಗ. ಇಷ್ಟೆಲ್ಲ ಬಾಯಿಪಾಠವಾಗಿ ಗೊತ್ತಿರುವ ಮನುಷ್ಯ, ಹುಡುಗಿ ನಾಲ್ಕು ಸೆಕೆಂಡು ಹಿಂದೆ ಬಿದ್ದಾಗ ಮಾಡಿದ್ದೇನು? ವಾರಕ್ಕೆ ಎರಡು ದಿನ ಇದ್ದ ಜೋರಿನ ಓಟವನ್ನು ನಾಲ್ಕು ದಿನ ಮಾಡಿದರು. ಕೆಂಡದ ಮೇಲೆ ಸೌದೆ ಒಟ್ಟಿ ಒಟ್ಟಿ, ಹೊಗೆ ಬಂದರೆ ಇನ್ನೂ ಸೌದೆ. ಯಾಕೆಂದರೆ ಪುಸ್ತಕದಲ್ಲಿ ನಲವತ್ತಾರು ಇತ್ತು. ಅಷ್ಟು ಕಡಿಮೆ ನಾಡಿ ಇರುವವಳಿಗೆ ದಣಿವಾಗಿರಲು ಸಾಧ್ಯವೇ ಇಲ್ಲ. ಹಾಗಾದರೆ ಇನ್ನೂ ತಾಳುತ್ತಾಳೆ. ಲೆಕ್ಕ ಎಷ್ಟು ಸರಿಯಾಗಿತ್ತು!

ಗೋಡೆಯ ಮೇಲೆ ಆ ಬೋರ್ಡು ಇನ್ನೂ ಇತ್ತು. ‘ಈ ವಾರದ ಕಡಿಮೆ ನಾಡಿ’ ಎಂದು ಮೇಲೆ, ಕೆಳಗೆ ಐದು ಸಾಲು. ನಾಲ್ಕು ವರ್ಷದ ಹಿಂದೆ, ನಾಡಿ ಎಣಿಸಲು ಸೋಮಾರಿತನ ಮಾಡುತ್ತಿದ್ದ ಹುಡುಗರಿಗೆ ಹುಮ್ಮಸ್ಸು ಬರಲಿ ಎಂದು ತಾವೇ ಮೊಳೆ ಹೊಡೆದು ಹಾಕಿದ್ದು. ಮೊದಲು ಬಂದವರಿಗೆ ಒಂದು ಚಾಕೊಲೇಟು, ಬೆನ್ನಿಗೆ ಒಂದು ಶಹಬ್ಬಾಸ್. ಎರಡು ತಿಂಗಳಲ್ಲಿ ಮೈದಾನದಲ್ಲಿ ಐವತ್ತರ ಮೇಲೆ ನಾಡಿ ಇರುವವರೇ ಇಲ್ಲವಾದರು. ಒಂದು ವಾರ ಒಬ್ಬ ಮೂವತ್ತೊಂಬತ್ತು ಬರೆದಿದ್ದ. “ಬದುಕಿದ್ದಾನಾ ನೋಡ್ರೋ ಯಾರಾದ್ರೂ,” ಎಂದು ಮೇಷ್ಟ್ರೇ ನಕ್ಕು ಚಾಕೊಲೇಟು ಕೊಟ್ಟಿದ್ದರು. ನಗುವ ಬದಲು ಆವತ್ತೇ ಬೋರ್ಡು ಕಿತ್ತೆಸೆಯಬೇಕಿತ್ತು. ಈಗ ಅದರ ಮುಂದೆ ನಿಂತು, ಮೊದಲ ಸಾಲಿನಲ್ಲಿ ಹದಿನೇಳು ವಾರದಿಂದ ಅಳಿಸದೇ ಉಳಿದಿರುವ ‘ಎಂಟುನೂರು – 46’ ಎಂಬುದನ್ನು ನೋಡುತ್ತಿದ್ದಾಗ ಹಿಂದಿನಿಂದ, “ಮೇಷ್ಟ್ರೇ, ಹನ್ನೊಂದರೊಳಗೆ ಒಂದು ಸೈನು,” ಎಂದು ದನಿ ಬಂತು.

ದೊಡ್ಡ ಕೋಚು ವಯಸ್ಸಿನಲ್ಲಿ ಇವರಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಒಂದು ಕಾಲದಲ್ಲಿ ಇವರ ಕೈಕೆಳಗೆ ಓಡಿ, ಇವರ ಬೂಟಿನ ಮೇಲೆಯೇ ವಾಂತಿ ಮಾಡಿಕೊಂಡಿದ್ದ ಹುಡುಗ. ಈಗ ಅವನಿಗೆ ಬಹುವಚನ. ಅವನು ಬಿಟ್ಟುಹೋದ ಕಾಗದದಲ್ಲಿ ಆಯ್ಕೆಯ ಓಟಕ್ಕೆ ಹೋಗಬೇಕಾದ ಎಂಟುನೂರಿನ ಹೆಸರು, ಕೆಳಗೆ ಒಂದು ಪ್ರಶ್ನೆ: ತರಬೇತಿಯ ಹೊರೆಯನ್ನು ದೇಹ ಸರಿಯಾಗಿ ತಾಳಿಕೊಂಡಿದೆಯೇ? ಹೌದು, ಇಲ್ಲ. ಇಲ್ಲವಾದಲ್ಲಿ ಕಾರಣ. ಕಾರಣಕ್ಕೆ ಒಂದೂವರೆ ಗೆರೆ ಜಾಗ ಬಿಟ್ಟಿದ್ದರು. ಆಯ್ಕೆಯ ಓಟಕ್ಕೆ ಇನ್ನು ಒಂಬತ್ತು ದಿನ. ಎರಡು ವರ್ಷಕ್ಕೊಮ್ಮೆ ಬರುವ ಓಟ ಅದು, ಅವಳಿಗೀಗ ಇಪ್ಪತ್ತನಾಲ್ಕು. ಅದರಲ್ಲಿ ಓಡದಿದ್ದರೆ ಹಾಸ್ಟೆಲಿನ ಸೀಟೂ ಉಳಿಯುವುದು ಅನುಮಾನ. ಹೌದು ಎಂಬಲ್ಲಿ ಒಂದು ಟಿಕ್ ಹಾಕಿದರೆ ಯಾರೂ ಏನೂ ಕೇಳುವುದಿಲ್ಲ. ಓಡುತ್ತಾಳೆ, ಸೋಲುತ್ತಾಳೆ, ಮನಸ್ಸಿರಲಿಲ್ಲ ಅನ್ನಿಸಿಕೊಳ್ಳುತ್ತಾಳೆ. ಅಥವಾ ಓಡುವಾಗಲೇ ಬೀಳುತ್ತಾಳೆ. ಎಷ್ಟೋ ಜನ ಬಿದ್ದಿದ್ದಾರೆ, ಮೇಷ್ಟ್ರಿಗೆ ಅವರ ದೂರಗಳು ನೆನಪಿವೆ, ಮುಖಗಳು ನೆನಪಿಲ್ಲ.

ಎಂಟು ಗಂಟೆಗೆ ಅವಳು ಬಂದು ಟ್ರ್ಯಾಕಿನ ಪಕ್ಕ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ಒಂದು ಗಂಟು ಹಾಕುವಷ್ಟರಲ್ಲಿ ಎರಡು ಸಲ ನಿಲ್ಲಿಸಿ ಉಸಿರು ಬಿಟ್ಟಳು. ಕಣ್ಣಿನ ಕೆಳಗೆ ಕಪ್ಪು, ತುಟಿಯ ಅಂಚಿನಲ್ಲಿ ಒಣಗಿದ ಹುಣ್ಣು. ಅಯ್ಯೋ, ಇಷ್ಟು ದಿನ ಇದು ಎಲ್ಲಿತ್ತು? ಇಲ್ಲೇ ಇತ್ತು, ತಾವು ಪುಸ್ತಕ ನೋಡುತ್ತಿದ್ದರು. ಮೊದಲೆಲ್ಲ ಹೀಗಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಒಬ್ಬೊಬ್ಬರ ಮಣಿಕಟ್ಟನ್ನೂ ತಾವೇ ಹಿಡಿದು ನೋಡುತ್ತಿದ್ದರು, ಕೈ ಬಿಸಿಯೋ ತಣ್ಣಗೋ, ಬೆರಳು ನಡುಗುತ್ತಿದೆಯೋ, ಎಲ್ಲ ಆ ಒಂದು ಹಿಡಿತದಲ್ಲಿ ತಿಳಿಯುತ್ತಿತ್ತು. ಜನ ಹೆಚ್ಚಾದರು, ಪುಸ್ತಕ ಬಂತು, ಕೈ ಹಿಡಿಯುವುದು ನಿಂತಿತು. “ಇವತ್ತು ಮುನ್ನೂರು ಮೀಟರ್ ಆರು ಸಲ ಅಲ್ವಾ ಸಾರ್?” ಎಂದು ಅವಳು ಎದ್ದು ನಿಲ್ಲಲು ಹೋದಾಗ, “ಕೂತ್ಕೋ. ಕೈ ಕೊಡು,” ಎಂದರು.

ಅವಳು ಕೈ ಕೊಡಲಿಲ್ಲ. ಮಡಿಲಿನಲ್ಲಿ ಇಟ್ಟುಕೊಂಡು ನೋಡಿದಳು. “ಬೆಳಗ್ಗೆ ಬರೆದಿದ್ದೀನಿ ಸಾರ್.”

“ಗೊತ್ತು. ಕೊಡು ಅಂದೆನಲ್ಲ.”

ಕೈ ತಣ್ಣಗಿತ್ತು. ಎರಡು ಬೆರಳಿಟ್ಟದ್ದೇ ತಡ, ಎಣಿಸುವ ಮುಂಚೆಯೇ ಗೊತ್ತಾಯಿತು. ಹದಿನೈದು ಸೆಕೆಂಡಿಗೆ ಇಪ್ಪತ್ತಮೂರು. ಇನ್ನೂ ಒಂದು ಹೆಜ್ಜೆ ಓಡಿಲ್ಲ, ಕೂತಲ್ಲೇ ತೊಂಬತ್ತೆರಡು. ಮೇಷ್ಟ್ರು ಕೈ ಬಿಟ್ಟರು. ಆಚೆ ನಾನೂರಿನ ಹುಡುಗರು ಒಬ್ಬರ ಮೇಲೊಬ್ಬರು ನೀರು ಚೆಲ್ಲಿಕೊಂಡು ಕಿರುಚುತ್ತಿದ್ದರು.

“ಎಷ್ಟು ದಿನದಿಂದ?” ಎಂದರು.

“ಏನು ಸಾರ್?”

“ಸುಮ್ನೆ ಆಟ ಆಡಬೇಡ. ಎಣಿಸದೇ ಬರೀತಾ ಇರೋದು.”

“ಎಣಿಸ್ತೀನಿ ಸಾರ್, ದಿನಾ ಎಣಿಸ್ತೀನಿ,” ಎಂದಳು, ಆ ಆರೋಪ ಮಾತ್ರ ಸಹಿಸಲಾರೆ ಎಂಬಂತೆ. “ಎಣಿಸಿದ್ದನ್ನ ಬರೆಯೋದಿಲ್ಲ ಅಷ್ಟೆ. ಎರಡು ತಿಂಗಳಾಯ್ತು. ಅರವತ್ತು ದಾಟ್ತು ಮೊದಲು. ಆಮೇಲೆ ಎಪ್ಪತ್ತು. ಭಾನುವಾರ ಒಟ್ಟಿಗೆ ಕೂತು ಇಡೀ ವಾರದ್ದು ಬರೆದುಬಿಡ್ತೀನಿ. ಅರವತ್ತೆಂಟು ಅಂತ ಬರೆದ್ರೆ ನೀವು ನನ್ನನ್ನ ಕೂರಿಸ್ತಿದ್ರಿ. ಕೂತೋರು ಯಾರು ಸಾರ್ ಇಲ್ಲಿ ಮತ್ತೆ ಎದ್ದಿದ್ದಾರೆ?”

“ನನಗೆ ಹೇಳಬಹುದಿತ್ತಲ್ಲ.”

ಅವಳು ದಾರದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ, ಮೈದಾನದ ಕಡೆ ನೋಡಿಕೊಂಡೇ, “ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ಸಾರ್,” ಎಂದಳು. “ಇಷ್ಟು ವರ್ಷ ನೋಡಿದೋರು, ನಿಮಗೆ ಗೊತ್ತಾಗದೇ ಇರುತ್ತಾ? ಗೊತ್ತಿದ್ದೂ ಸುಮ್ನಿದ್ದಾರೆ ಅಂದ್ರೆ ಪರವಾಗಿಲ್ಲ, ತಾಳ್ಕೊಳ್ಳಬಹುದು ಅಂತ ಲೆಕ್ಕ. ನೀವು ನೋಡ್ಕೋತಾ ಇದ್ದೀರಿ ಅಂತ ನಾನು ಓಡ್ತಾ ಇದ್ದೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಮೇಷ್ಟ್ರು ರೇಗಬಹುದಿತ್ತು, ಬೈಯಬಹುದಿತ್ತು, ಸುಳ್ಳು ಬರೆದವಳು ನೀನಲ್ಲವೇ ಎಂದು ಕೇಳಿ ಕೈ ತೊಳೆದುಕೊಳ್ಳಬಹುದಿತ್ತು. ಊಟದ ಮೇಜು, ಹಣೆಗೇರಿಸಿದ ಕನ್ನಡಕ, ಕಿತ್ತುಕೊಂಡ ಪುಸ್ತಕ, ಎಲ್ಲ ಒಂದರ ಮೇಲೊಂದು ಬಂದವು. ಹುಡುಗಿಯ ಪಕ್ಕದಲ್ಲಿ ಕೂರಬೇಕೆನ್ನಿಸಿತು, ಕೂತರೆ ಏಳಲಾಗುವುದಿಲ್ಲ ಎನ್ನಿಸಿತು. “ಇವತ್ತು ಓಟ ಇಲ್ಲ. ಇಲ್ಲೇ ಇರು, ಬರ್ತೀನಿ,” ಎಂದಷ್ಟೇ ಹೇಳಿ ಗ್ಯಾಲರಿಯ ಕಡೆ ನಡೆದರು. ಎಂದಿನ ನಡಿಗೆಯೇ, ಆದರೂ ಕಾಗದ ತರಲು ತಮ್ಮ ಕೋಣೆ ಹೊಕ್ಕಾಗ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ತಲೆ ತಗ್ಗಿಸುವುದನ್ನು ಮರೆತು ಹಣೆ ತಗುಲಿಸಿಕೊಂಡರು.

ದೊಡ್ಡ ಕೋಚಿನ ಕೋಣೆಯಲ್ಲಿ ಎ.ಸಿ. ಇತ್ತು. ಮೇಷ್ಟ್ರು ನಿಂತೇ ಎಲ್ಲ ಹೇಳಿದರು. ತಮಗೆ ಮೊದಲೇ ಅನುಮಾನವಿದ್ದದ್ದನ್ನು ಮಾತ್ರ ಹೇಳಲಿಲ್ಲ. ಅವನು ಕೇಳಿಸಿಕೊಂಡ. ಕೆಟ್ಟವನಲ್ಲ, ಅವನಿಗೂ ಮೇಲಿನವರಿದ್ದಾರೆ. ಪೇಪರ್‌ವೇಟನ್ನು ತಿರುಗಿಸುತ್ತ, “ಎಷ್ಟು ದಿನ ಬೇಕು ಸರಿಹೋಗೋಕೆ?” ಎಂದ.

“ಎಂಟು ವಾರ. ಅದೂ ಈಗಲೇ ಮಲಗಿಸಿದ್ರೆ. ಓಡಿಸಿದ್ರೆ ವರ್ಷವೂ ಆಗಬಹುದು, ಮತ್ತೆ ಓಡೋದಕ್ಕೆ ಆಗದೇನೂ ಇರಬಹುದು.”

“ಸರಿ, ಇಲ್ಲ ಅಂತ ಹಾಕಿ. ನಾನೇನು ಹುಡುಗಿಯನ್ನ ಕೊಲ್ಲಿ ಅಂತೀನಾ? ಕಾರಣ ಮಾತ್ರ ನೋಡ್ಕೊಂಡು ಬರೀರಿ ಮೇಷ್ಟ್ರೇ. ಓಟಗಾರ್ತಿ ನಾಡಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದರಿಂದ... ಅಂತ ಶುರು ಮಾಡಿ. ಸುಳ್ಳೇನಲ್ಲವಲ್ಲ.”

ಸುಳ್ಳಲ್ಲ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತು, ‘ಇಲ್ಲ’ ಎಂಬಲ್ಲಿ ಟಿಕ್ ಹಾಕಿ, ‘ಓಟಗಾರ್ತಿ ನಾಡಿಯ ಬಗ್ಗೆ ತಪ್ಪು’ ಎಂದು ಬರೆದರು. ಅಕ್ಷರ ಚೆನ್ನಾಗಿ ಬಂತು. ಇನ್ನು ಮಾಹಿತಿ ಎಂದು ಬರೆಯಬೇಕು, ಅಷ್ಟೆ. ಆಮೇಲೆ ಮಧ್ಯಾಹ್ನದ ಬಸ್ಸು, ಮನೆ, ಫ್ಲಾಸ್ಕಿನಲ್ಲಿ ಉಳಿದ ಟೀ. ವರ್ಷ ವರ್ಷವೂ ಹೊಸ ಆದೇಶ ಬಂದರೆ ಮಾತ್ರ ಮುಂದುವರಿಯುವ ಕೆಲಸ ಇವರದು, ಈ ವರ್ಷದ ಆದೇಶ ಇನ್ನೂ ಬಂದಿಲ್ಲ. ಪೆನ್ನು ಕಾಗದದ ಮೇಲೆಯೇ ನಿಂತು ಶಾಯಿ ಒಂದು ಚುಕ್ಕಿಯಾಗಿ ಹರಡಿತು. ನೀವು ನೋಡ್ಕೋತಾ ಇದ್ದೀರಿ ಅಂತ ನಾನು ಓಡ್ತಾ ಇದ್ದೆ. ಬೆಳಗ್ಗೆ ಮಲಗಿದಲ್ಲೇ, ಯಾರೂ ನೋಡದ ತಮ್ಮ ಸ್ವಂತ ಪುಸ್ತಕದಲ್ಲಿ ಎಪ್ಪತ್ತಮೂರನ್ನು ಅರವತ್ತೊಂಬತ್ತು ಮಾಡಿದ್ದು ನೆನಪಾಯಿತು. ಯಾವ ಬೋರ್ಡಿಗಾಗಿ? ಯಾವ ಚಾಕೊಲೇಟಿಗಾಗಿ? ಥೂ ಎನ್ನಿಸಿತು. “ಇನ್ನೊಂದು ಫಾರ್ಮ್ ಕೊಡಿ,” ಎಂದರು.

“ಒಬ್ಬರಿಗೆ ಒಂದೇ ಬರೋದು. ಯಾಕೆ?”

ಬರೆದಷ್ಟಕ್ಕೆ ಗೀಟು ಎಳೆದು, ಗೀಟಿನ ಪಕ್ಕ ಚಿಕ್ಕ ಸಹಿ ಹಾಕಿ, ಉಳಿದ ಒಂದು ಗೆರೆಯಲ್ಲಿ ಇಕ್ಕಟ್ಟಾಗಿ ಬರೆದರು: ದಣಿವಿನ ಲಕ್ಷಣಗಳು ಕಂಡರೂ ನಾನು ಹೊರೆ ಹೆಚ್ಚಿಸಿದೆ. ನಾಡಿಯ ಲೆಕ್ಕ ಸುಳ್ಳೆಂದು ಮೂರು ವಾರದಿಂದ ನನಗೆ ತಿಳಿದಿತ್ತು. ಎಂಟು ವಾರ ವಿಶ್ರಾಂತಿ, ಹಾಸ್ಟೆಲಿನಲ್ಲಿಯೇ. ದೊಡ್ಡ ಕೋಚು ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓದಿದ. ಎರಡು ಸಲ ಓದಿದ. “ಮೂರು ವಾರ?” ಎಂದ. ಮೇಷ್ಟ್ರು ಗೋಡೆ ನೋಡಿದರು. “ಈ ವಯಸ್ಸಲ್ಲಿ ಬೇಕಿತ್ತಾ ಇದು? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ. ನಾನು ಏನೂ ಮಾಡೋಕಾಗಲ್ಲ ಮೇಷ್ಟ್ರೇ, ಇದು ಮೇಲೆ ಹೋಗುತ್ತೆ.” ಹೋಗಲಿ ಎಂದು ಹೇಳಬೇಕೆಂದಿದ್ದರು, ಅಂಥ ಮಾತಿಗೆ ಬೇಕಾದ ದಮ್ಮು ಬರಲಿಲ್ಲ. ಎದ್ದು ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿ ಹೊರಗೆ ಬಂದರು. ಹಗುರವಾಗುತ್ತದೆ ಎಂದುಕೊಂಡಿದ್ದರೇನೋ. ಹಾಗೇನೂ ಆಗಲಿಲ್ಲ, ಮಂಡಿ ನೋಯುತ್ತಿತ್ತು.

ಅವಳು ಇವರು ಹೇಳಿದ ಜಾಗದಲ್ಲೇ ಕೂತಿದ್ದಳು. ಬಿಸಿಲು ಏರಿ ಗ್ಯಾಲರಿಯ ನೆರಳು ಅವಳ ಪಾದದವರೆಗೆ ಹಿಂದೆ ಸರಿದಿತ್ತು. ಮೇಷ್ಟ್ರು ಈ ಸಲ ಪಕ್ಕದಲ್ಲಿ ಕೂತರು, ಕೂರುವಾಗ ಬಾಯಿಂದ ಒಂದು ಮುಲುಕು ಬಂತು. ಎಂಟು ವಾರ ಎಂದರು, ಆಯ್ಕೆಯ ಓಟ ಇಲ್ಲ ಎಂದರು, ಹಾಸ್ಟೆಲು ಬಿಡಿಸಬಾರದೆಂದು ಬರೆದಿದ್ದೇನೆ, ಉಳಿದದ್ದು ಗೊತ್ತಿಲ್ಲ ಎಂದರು. ಸೋಮವಾರದ ಮಾತಿಗೆ ಏನಾದರೂ ಹೇಳಬೇಕೆಂದು, “ಅವತ್ತು ಹಾಗೆ ಅಂದಿದ್ದು ನನ್ನ ತಪ್ಪು,” ಎಂದರು. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಆಮೇಲೆ ಬೂಟಿನ ದಾರವನ್ನು ಒಂದೊಂದೇ ತೂತಿನಿಂದ ಎಳೆದು ಬಿಚ್ಚತೊಡಗಿದಳು.

“ಇನ್ನು ಒಂಬತ್ತು ದಿನ ಇತ್ತು ಸಾರ್,” ಎಂದಳು. ದನಿ ಒಡೆದಿತ್ತು. “ಇಷ್ಟು ದಿನ ಸುಮ್ನಿದ್ರಲ್ಲ, ಇನ್ನೊಂದು ಒಂಬತ್ತು ದಿನ ಸುಮ್ನಿರೋಕೆ ಆಗ್ತಿರಲಿಲ್ವಾ?”

ಅವಳು ಅಳಲು ಶುರುಮಾಡಿದಾಗ ಮೇಷ್ಟ್ರು ಬೆನ್ನು ತಟ್ಟಲು ಕೈಯೆತ್ತಿ, ಆ ಕೈ ಇದುವರೆಗೆ ಯಾವುದಕ್ಕೆಲ್ಲ ಬೆನ್ನು ತಟ್ಟಿದೆಯೋ ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು. ಅವಳು ಅತ್ತು, ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡು, ಬೂಟನ್ನು ಚೀಲದಲ್ಲಿ ಹಾಕಿದಳು. ಆಮೇಲೆ ಚೀಲದಿಂದ ನಾಡಿಯ ಪುಸ್ತಕ ತೆಗೆದಳು. ಮೂಲೆ ಮುದುಡಿದ, ರಟ್ಟಿಗೆ ಪ್ಲಾಸ್ಟಿಕ್ ಹಾಕಿದ ಪುಸ್ತಕ. ಮಡಿಲಲ್ಲಿಟ್ಟುಕೊಂಡು ಇವರ ಮುಖ ನೋಡದೆ, “ನಾಳೆಯಿಂದಲೂ ಬರೀಬೇಕಾ?” ಎಂದಳು.

“ಬರೀಬೇಕು. ಕಡಿಮೆ ಆಗ್ತಾ ಬರೋದು ಅದರಲ್ಲೇ ಗೊತ್ತಾಗೋದು.”

“ಎಷ್ಟು ಅಂತ ಬರೀಲಿ ಸಾರ್?”

ಅವಳು ಗೇಲಿ ಮಾಡುತ್ತಿಲ್ಲ ಎಂಬುದು ಅರ್ಥವಾಗಲು ಮೇಷ್ಟ್ರಿಗೆ ಒಂದು ಗಳಿಗೆ ಬೇಕಾಯಿತು. ಬೇಕಾದ ಸಂಖ್ಯೆ ಯಾವುದು ಎಂದು ನಿಜವಾಗಿಯೇ ಕೇಳುತ್ತಿದ್ದಳು, ನಾಲ್ಕು ವರ್ಷದಿಂದ ಎಲ್ಲವನ್ನೂ ಕೇಳಿದ ಹಾಗೆಯೇ, ಪೆನ್ನು ತೆರೆದುಕೊಂಡು. ಕೊರಳಲ್ಲಿ ನೇತಾಡುತ್ತಿದ್ದ ಸ್ಟಾಪ್‌ವಾಚನ್ನು ಅಂಗೈಗೆ ತೆಗೆದುಕೊಂಡು, “ಪೆನ್ನು ಕೆಳಗಿಡು. ನಿನ್ನ ಕೈ ನೀನೇ ಹಿಡ್ಕೋ. ಒಂದು ನಿಮಿಷ, ಪೂರ್ತಿ. ನನಗೆ ಕೇಳೋ ಹಾಗೆ ಗಟ್ಟಿಯಾಗಿ ಎಣಿಸು,” ಎಂದು ಗುಂಡಿ ಒತ್ತಿದರು. ಅವಳು ಮಣಿಕಟ್ಟಿಗೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿ ಎಣಿಸತೊಡಗಿದಳು. ಹತ್ತರವರೆಗೆ ದನಿ ಅಳುವಿನಿಂದ ನಡುಗುತ್ತಿತ್ತು, ಇಪ್ಪತ್ತರ ಹೊತ್ತಿಗೆ ಸರಿಹೋಯಿತು. ನಾನೂರಿನ ಹುಡುಗರಲ್ಲಿ ಇಬ್ಬರು ಓಡುವುದು ನಿಲ್ಲಿಸಿ ಇತ್ತ ನೋಡಿದರು. ನಲವತ್ತನಾಲ್ಕು, ನಲವತ್ತೈದು, ನಲವತ್ತಾರು ಎಂದವಳೇ ಕಣ್ಣು ಬಿಟ್ಟು, ನಾಲಿಗೆ ಕಚ್ಚಿಕೊಂಡಂತೆ ನಿಲ್ಲಿಸಿ ಇವರ ಮುಖ ನೋಡಿದಳು. ಮೇಷ್ಟ್ರು ವಾಚು ನೋಡಿದರು. ಮೂವತ್ತೊಂದನೆಯ ಸೆಕೆಂಡು ನಡೆಯುತ್ತಿತ್ತು.

“ಮುಂದೆ ಹೇಳು,” ಎಂದರು.

ಅವಳು ಮತ್ತೆ ಕಣ್ಣು ಮುಚ್ಚಿದಳು.

“ನಲವತ್ತೇಳು,” ಎಂದಳು.